ಮಡಿದ ಸಿಪಾಯಿಯ ಜಾಗ ಹುಡುಕಲು ಸಿಡಬ್ಲ್ಯೂಜಿಸಿ: ಕೋಲಾರ, ತುಮಕೂರು ಸೀಮೆಯವರಿಗೆ ಎಷ್ಟು ಉಪಯೋಗ?

'ಮುತ್ತಾತ ಮಿಲಿಟರಿಗೆ ಹೋದವರು ವಾಪಸ್ ಬರಲಿಲ್ಲ.' ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯ ಎಷ್ಟೋ ಮನೆಗಳಲ್ಲಿ ಇಷ್ಟು ಮಾತು ಮಾತ್ರ ಉಳಿದಿರುತ್ತದೆ. ಒಬ್ಬರು ಇರಾಕಿನ ಬಸ್ರಾ ಎನ್ನುತ್ತಾರೆ, ಇನ್ನೊಬ್ಬರು ಬರ್ಮಾ ಎನ್ನುತ್ತಾರೆ. ಸರಿಯಾದ ಜಾಗ, ತಾರೀಖು ತಿಳಿಯಬೇಕೆಂದರೆ ಮೊದಲು ನೋಡಬೇಕಾದದ್ದು ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್‌ನ (ಸಿಡಬ್ಲ್ಯೂಜಿಸಿ) ಆನ್‌ಲೈನ್ ಹುಡುಕಾಟ ಸೇವೆ. 1917ರಲ್ಲಿ ಇಂಪೀರಿಯಲ್ ವಾರ್ ಗ್ರೇವ್ಸ್ ಕಮಿಷನ್ ಎಂದು ಶುರುವಾದ ಈ ಸಂಸ್ಥೆ ಎರಡು ಮಹಾಯುದ್ಧಗಳಲ್ಲಿ ಬ್ರಿಟಿಷ್ ಸಾಮ್ರಾಜ್ಯದ ಕಡೆ ಸತ್ತ ಸುಮಾರು 17 ಲಕ್ಷ ಜನರ ಲೆಕ್ಕ ಇಟ್ಟಿದೆ. ಹುಡುಕಲು ದುಡ್ಡು ಕೊಡಬೇಕಿಲ್ಲ. ಸೇವೆ ಚೆನ್ನಾಗಿದೆ, ಆದರೆ ಹೆಸರೊಂದನ್ನೇ ನಂಬಿ ಕೂತರೆ ನಮ್ಮವರು ಸಿಗುವುದು ಕಷ್ಟ.

ಆದ್ದರಿಂದ ಫೋನ್ ಕೈಗೆತ್ತಿಕೊಳ್ಳುವ ಮೊದಲು ಮನೆಯ ಟ್ರಂಕು ತೆಗೆಯಿರಿ. ಬೇಕಾಗಿರುವುದು ಸರ್ವಿಸ್ ನಂಬರ್, ಅಂದರೆ ಸೈನ್ಯ ಸಿಪಾಯಿಗೆ ಕೊಟ್ಟ ಸಂಖ್ಯೆ. ಅದು ಮೆಡಲ್‌ನ ಮುಖದ ಮೇಲಿರುವುದಿಲ್ಲ, ಅಂಚಿನ ಮೇಲೆ ಇರುತ್ತದೆ: ನಂಬರ್, ದರ್ಜೆ, ಹೆಸರು, ರೆಜಿಮೆಂಟು, ಎಲ್ಲ ಪುಟ್ಟ ಇಂಗ್ಲಿಷ್ ಅಕ್ಷರಗಳಲ್ಲಿ. ಕಿಟಕಿಯ ಪಕ್ಕ ಹಿಡಿದು ಬೆಳಕು ಓರೆಯಾಗಿ ಬೀಳುವಂತೆ ನಿಧಾನವಾಗಿ ತಿರುಗಿಸಿದರೆ ಅಕ್ಷರ ಏಳುತ್ತವೆ. ಇಲ್ಲವಾದರೆ ತೆಳು ಕಾಗದ ಸುತ್ತಿ ಪೆನ್ಸಿಲಿನಿಂದ ಮೆಲ್ಲಗೆ ಉಜ್ಜಿ. ಆಯುಧ ಪೂಜೆಗೆಂದು ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆಯುವುದನ್ನು ಮಾತ್ರ ಇಂದೇ ನಿಲ್ಲಿಸಿ. ವರ್ಷವರ್ಷ ತಿಕ್ಕಿಸಿಕೊಂಡ ಮೆಡಲ್‌ಗಳಲ್ಲಿ ಮೊದಲು ಸವೆಯುವುದು ಈ ಅಂಚೇ. ಅಂಗೈ ಅಗಲದ, ಸುಮಾರು 12 ಸೆಂಟಿಮೀಟರ್‌ನ ಕಂಚಿನ ಬಿಲ್ಲೆ ಸಿಕ್ಕಿದರೆ ಅದು ಮೊದಲ ಮಹಾಯುದ್ಧದಲ್ಲಿ ಸತ್ತವರ ಮನೆಯವರಿಗೆ ಕೊಟ್ಟದ್ದು. ಅದರಲ್ಲಿ ಹೆಸರಿರುತ್ತದೆ, ನಂಬರ್ ಇರುವುದಿಲ್ಲ.

ನಂಬರ್ ಸಿಕ್ಕಿದರೆ ಅದನ್ನು ಸರ್ವಿಸ್ ನಂಬರ್ ಜಾಗದಲ್ಲಿ ಹಾಕಿ, ಯಾವ ಸೈನ್ಯ ಎಂಬಲ್ಲಿ ಇಂಡಿಯನ್ ಎಂದು ಆರಿಸಿದರೆ ಸಾಕು. ಸಿಗಲಿಲ್ಲವೆಂದರೆ ಹೆಸರೇ ಗತಿ, ತೊಡಕು ಶುರುವಾಗುವುದೂ ಅಲ್ಲೇ. ಭಾರತೀಯ ಸಿಪಾಯಿಗಳ ಇಡೀ ಹೆಸರು ಸಾಮಾನ್ಯವಾಗಿ ಸರ್‌ನೇಮ್ (ಮನೆತನದ ಹೆಸರು) ಜಾಗದಲ್ಲೇ ಕೂತಿರುತ್ತದೆ. ಫೋರ್‌ನೇಮ್ (ಮೊದಲ ಹೆಸರು) ತುಂಬಿದಿರೋ, ಸಿಗಬೇಕಾದವರೂ ಸಿಗುವುದಿಲ್ಲ. ಅದನ್ನು ಖಾಲಿ ಬಿಡಿ. ಎರಡನೆಯದು ಕಾಗುಣಿತ. ಕೋಲಾರದ ಕಡೆ ಎಷ್ಟೋ ಮನೆಗಳಲ್ಲಿ ತೆಲುಗು, ಕೆಜಿಎಫ್‌ನಲ್ಲಿ ತಮಿಳು. ರೆಜಿಮೆಂಟಿನ ಗುಮಾಸ್ತರು ಕಿವಿಗೆ ಬಿದ್ದಂತೆ ಇಂಗ್ಲಿಷಿನಲ್ಲಿ ಬರೆದುಕೊಂಡರು. ನಮ್ಮ ವೆಂಕಟಸ್ವಾಮಿ ಅಲ್ಲಿ ವೆಂಕಟಸಾಮಿ ಆಗಿರಬಹುದು, ಮುನಿಯಪ್ಪ ಮುನಿಯಪ್ಪನ್ ಆಗಿರಬಹುದು. ಹೆಸರಿನ ಮೊದಲ ನಾಲ್ಕೈದು ಇಂಗ್ಲಿಷ್ ಅಕ್ಷರ ಮಾತ್ರ ಕೊಟ್ಟು, ಬಂದ ಪಟ್ಟಿಯನ್ನು ಸಾಲು ಸಾಲಾಗಿ ಕಣ್ಣಾಡಿಸುವುದೇ ಲೇಸು. ದರ್ಜೆಯಲ್ಲಿ ಬರೀ 'ಸಿಪಾಯಿ' ಎಂದು ಹುಡುಕಬೇಡಿ. ಸೇತುವೆ, ರಸ್ತೆ ಕಟ್ಟುವ ಮದ್ರಾಸ್ ಸ್ಯಾಪರ್ಸ್ ದಳದವರು 'ಸ್ಯಾಪರ್', ಕುದುರೆ ದಳದವರು 'ಸವಾರ್', ಅಡುಗೆಯವರು, ನೀರು ಹೊತ್ತವರು 'ಫಾಲೋವರ್' ಎಂದು ದಾಖಲಾಗಿರುತ್ತಾರೆ.

ನಮ್ಮ ಜಿಲ್ಲೆಯವರಿಗೆ ನಿಜವಾಗಿ ಬಾಗಿಲು ತೆರೆಯುವುದು 'ಅಡಿಷನಲ್ ಇನ್ಫರ್ಮೇಷನ್' (ಹೆಚ್ಚುವರಿ ಮಾಹಿತಿ) ಎಂಬ ಕಲಂ. ಎಲ್ಲರದ್ದೂ ಅಲ್ಲದಿದ್ದರೂ, ಹಲವರ ದಾಖಲೆಯಲ್ಲಿ ಇಂಥವರ ಮಗ, ಇಂಥವರ ಗಂಡ, ಇಂಥ ಊರು, ಮೈಸೂರು ಎಂದು ಬರೆದಿರುತ್ತದೆ. ಅಲ್ಲಿ ಹಳೇ ಜಿಲ್ಲೆಯ ಹೆಸರು ಕೊಡಬೇಕು. ಚಿಕ್ಕಬಳ್ಳಾಪುರ ಜಿಲ್ಲೆಯಾದದ್ದು 2007ರಲ್ಲಿ. ಹಾಗಾಗಿ ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಬಾಗೇಪಲ್ಲಿಯವರನ್ನು ಕೋಲಾರ ಎಂದೇ ಹುಡುಕಿ. ತುಮಕೂರಿಗೆ 2014ಕ್ಕೆ ಮುಂಚಿನ ಇಂಗ್ಲಿಷ್ ಕಾಗುಣಿತ, ಅಂದರೆ ನಡುವೆ 'ಎ' ಇಲ್ಲದ್ದು. ಪಾವಗಡ, ಮಧುಗಿರಿ, ಶಿರಾ ಎಂದು ತಾಲ್ಲೂಕಿನ ಹೆಸರನ್ನೂ ಬೇರೆ ಬೇರೆಯಾಗಿ ಕೊಟ್ಟು ನೋಡಿ.

ಫಲಿತಾಂಶ ಬಂದ ಮೇಲೆ 'ಸಮಾಧಿ ಇಲ್ಲವಲ್ಲ' ಎಂದು ಮನೆಯವರು ನೊಂದುಕೊಳ್ಳುವುದುಂಟು. ಹಿಂದೂ ಸೈನಿಕರನ್ನು ಸಾಧ್ಯವಾದ ಕಡೆ ದಹನ ಮಾಡಿದರು. ಅಂಥವರ ಹೆಸರು 'ಕ್ರಿಮೇಷನ್ ಮೆಮೋರಿಯಲ್' (ದಹನವಾದವರ ಸ್ಮಾರಕ) ಮೇಲಿರುತ್ತದೆ: ಬರ್ಮಾದ ಟೌಕ್ಯಾನ್, ಎರಿಟ್ರಿಯಾದ ಕೆರೆನ್, ಈಜಿಪ್ಟಿನ ಎಲ್ ಅಲಮೇನ್, ನಮ್ಮದೇ ಇಂಫಾಲ, ಕೊಹಿಮಾ. ದೇಹ ಸಿಗದವರದ್ದು ಬರೀ 'ಮೆಮೋರಿಯಲ್' ಮೇಲೆ. ಬರ್ಮಾದಲ್ಲಿ ಹಾಗೆ ಕಾಣೆಯಾದವರು ಟೌಕ್ಯಾನ್‌ನಲ್ಲೇ ಇರುವ ರಂಗೂನ್ ಮೆಮೋರಿಯಲ್‌ನಲ್ಲಿ, ಸುಮಾರು 27,000 ಹೆಸರುಗಳ ನಡುವೆ. ಮೈಸೂರು ಸಂಸ್ಥಾನದ ಕಾಲಾಳು ದಳವಾದ ಮೈಸೂರು ಇನ್‌ಫೆಂಟ್ರಿ ಎರಡನೇ ಮಹಾಯುದ್ಧದಲ್ಲಿ ಇದ್ದದ್ದು ಸಿಂಗಪುರದಲ್ಲಿ, ಅವರಿಗಾಗಿ ಅಲ್ಲಿನ ಕ್ರಾಂಜಿಯ ಸಿಂಗಪುರ್ ಮೆಮೋರಿಯಲ್ ನೋಡಿ. 1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ತೀನ್‌ನ (ಈಗಿನ ಇಸ್ರೇಲ್) ಹೈಫಾ ಗೆದ್ದ ದಳದಲ್ಲಿ ಮೈಸೂರು ಸಂಸ್ಥಾನದ ಕುದುರೆ ದಳವಾದ ಮೈಸೂರು ಲ್ಯಾನ್ಸರ್ಸ್ ಇತ್ತು. ಈಜಿಪ್ಟು, ಪ್ಯಾಲೆಸ್ತೀನ್ ಕಡೆ ಸತ್ತು ಗೋರಿ ಗೊತ್ತಿಲ್ಲದವರಿಗೆ ಕೈರೋದ ಹೀಲಿಯೊಪೊಲಿಸ್ (ಪೋರ್ಟ್ ತೌಫಿಕ್) ಮೆಮೋರಿಯಲ್. ಪುಟದಲ್ಲಿ ಕೊಟ್ಟಿರುವ ಪ್ಯಾನೆಲ್ ಅಥವಾ ಕಾಲಂ ನಂಬರನ್ನು ತಪ್ಪದೆ ಬರೆದಿಟ್ಟುಕೊಳ್ಳಿ. ಅಷ್ಟು ಎತ್ತರದ ಗೋಡೆಗಳ ಮುಂದೆ ಅದಿಲ್ಲದೆ ಹೆಸರು ಕಾಣುವುದಿಲ್ಲ.

ಬಸ್ರಾ ಮೆಮೋರಿಯಲ್ ವಿಷಯ ಬೇರೆಯೇ, ಹೇಳಲೇಬೇಕು. 40,000ಕ್ಕೂ ಹೆಚ್ಚು ಜನರಿಗಾಗಿ ಕಟ್ಟಿದ ಆ ಸ್ಮಾರಕದ ಕಲ್ಲಿನ ಮೇಲೆ ಬ್ರಿಟಿಷ್ ಸೈನಿಕರ ಹೆಸರು ಕೆತ್ತಿದರು, ಭಾರತೀಯ ಅಧಿಕಾರಿಗಳದ್ದೂ ಕೆತ್ತಿದರು. ನಮ್ಮ ಸಾಮಾನ್ಯ ಸಿಪಾಯಿಗಳದ್ದು ರೆಜಿಮೆಂಟಿನ ಕೆಳಗೆ ಬರೀ ಸಂಖ್ಯೆ. ಹಳ್ಳಿಹಳ್ಳಿಯಲ್ಲೂ ದನಗಳನ್ನು ಕಳ್ಳರಿಂದ ಕಾಪಾಡುತ್ತಾ ಸತ್ತವನಿಗೂ ವೀರಗಲ್ಲು ನಿಲ್ಲಿಸಿದ ಸೀಮೆಯವರಿಗೆ ಇದು ನುಂಗಲಾಗದ ಅನ್ಯಾಯ. 2021ರಲ್ಲಿ ಕಮಿಷನ್ ತಾನೇ ವರದಿ ಹೊರತಂದು ಈ ತಾರತಮ್ಯವನ್ನು ಒಪ್ಪಿಕೊಂಡು ಕ್ಷಮೆ ಕೇಳಿತು. ಹೆಸರು ಆನ್‌ಲೈನ್ ದಾಖಲೆಯಲ್ಲಿ ಸಿಕ್ಕರೂ ಇರಾಕಿನ ಕಲ್ಲಿನ ಫೋಟೋದಲ್ಲಿ ಕಾಣದಿರಲು ಕಾರಣ ಇದೇ.

ಏನೂ ಸಿಗದಿದ್ದರೆ ಮೊದಲು ಸತ್ತ ದಿನ ಪರೀಕ್ಷಿಸಿ. 1914ರ ಆಗಸ್ಟ್ 4ರಿಂದ 1921ರ ಆಗಸ್ಟ್ 31, 1939ರ ಸೆಪ್ಟೆಂಬರ್ 3ರಿಂದ 1947ರ ಡಿಸೆಂಬರ್ 31, ಇವೆರಡರ ಹೊರಗೆ ಸತ್ತವರು ಪಟ್ಟಿಗೆ ಸೇರುವುದಿಲ್ಲ. ಒಳಗಿದ್ದೂ ಹೆಸರು ಬಿಟ್ಟುಹೋಗಿದ್ದರೆ, ಕಾಗುಣಿತ ತಪ್ಪಾಗಿದ್ದರೆ, ಕಮಿಷನ್‌ಗೆ ಬರೆಯಬಹುದು. ಮನೆಮಾತು ಸಾಲದು, ಕಾಗದ ಬೇಕು: ಪಿಂಚಣಿ ಪತ್ರ, ಮರಣದ ತಂತಿ, ರೆಜಿಮೆಂಟಿನ ಪತ್ರ. ಸ್ಕ್ಯಾನ್ ಕಳಿಸಿ, ಮೂಲ ಪ್ರತಿ ನಿಮ್ಮಲ್ಲೇ ಇರಲಿ.

ದಾಖಲೆ ಸಿಕ್ಕಿದ ಮನೆಗಳಿಗೆ ಅದರ ಜೊತೆ ಬರುವ ದೊಡ್ಡ ಲಾಭ ಸತ್ತ ತಾರೀಖು. ದಿನ ಗೊತ್ತಿಲ್ಲದೆ ಮಹಾಲಯ ಅಮಾವಾಸ್ಯೆಗೆ ಎಡೆ ಇಡುತ್ತಿದ್ದವರು ಪಂಚಾಂಗದವರಿಗೆ ತಾರೀಖು ತೋರಿಸಿದರೆ ತಿಥಿ ತೆಗೆದುಕೊಡುತ್ತಾರೆ. ಸಿಂಗಪುರ ಜಪಾನಿಗೆ ಶರಣಾದ 1942ರ ಫೆಬ್ರವರಿ 15, ಉದಾಹರಣೆಗೆ, ಮಾಘ ಬಹುಳ ಅಮಾವಾಸ್ಯೆ. ಆದರೆ ಕಾಣೆಯಾದ ಕೆಲವರಿಗೆ ಇಂಥ ದಿನದಿಂದ ಇಂಥ ದಿನದ ನಡುವೆ ಎಂದು ಎರಡು ತಾರೀಖು ಕೊಟ್ಟಿರುತ್ತಾರೆ. ಹಾಗಿದ್ದಲ್ಲಿ ಮಹಾಲಯವನ್ನೇ ಮುಂದುವರಿಸುವುದು ಸರಿ.