ಎಂಟು ತಿಂಗಳು ನಿಂತ ಬೈಕು, ಅದನ್ನು ಕಾದ ಪುಟ್ಟ ಚಾರ್ಜರ್

ಮೊದಲೇ ಹೇಳಿಬಿಡುತ್ತೇನೆ, ಇದು ಒಂದು ಬ್ಯಾಟರಿ ಚಾರ್ಜರ್ ಬಗ್ಗೆ ಬರೆದಿದ್ದು. ಆದರೆ ಅದನ್ನು ಕೊಂಡವನು ನಾನಲ್ಲ. ನಾನು ಆಸ್ಪತ್ರೆಯಲ್ಲಿ ಮಲಗಿದ್ದಾಗ ನಮ್ಮ ರೈಡಿಂಗ್ ಗುಂಪಿನವರು ತಲಾ ಇಷ್ಟು ಅಂತ ದುಡ್ಡು ಹಾಕಿ ತಂದು ನನ್ನ ಬೈಕ್ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411ಗೆ ಜೋಡಿಸಿದರು. ಎಂಟು ತಿಂಗಳು ಅದು ಗೋಡೆಯ ಸಾಕೆಟ್ಟಿನಲ್ಲೇ ಇತ್ತು. ಹಾಗಾಗಿ ಚಾರ್ಜರ್ ಬಗ್ಗೆ ಬರೆಯಲು ಕೂತರೆ ಅವರ ಬಗ್ಗೆ ಬರೆಯದೆ ಇರಲು ಆಗುವುದಿಲ್ಲ.

ನನಗೆ ಬಂದಿದ್ದು ಗೀಯಾನ್-ಬಾರೆ ಸಿಂಡ್ರೋಮ್. ಡಾಕ್ಟರುಗಳು ಜಿಬಿಎಸ್ ಅನ್ನುತ್ತಾರೆ. ರೋಗದ ವಿರುದ್ಧ ಹೋರಾಡಬೇಕಾದ ದೇಹದ ಶಕ್ತಿಯೇ ತಿರುಗಿ ನಮ್ಮ ನರಗಳ ಮೇಲೆ ಬೀಳುವ ಕಾಯಿಲೆ. ಸಾಮಾನ್ಯವಾಗಿ ಪಾದದಲ್ಲಿ ಜೋಮು ಹಿಡಿದ ಹಾಗೆ ಶುರುವಾಗಿ ಮೇಲಕ್ಕೆ ಹತ್ತುತ್ತದೆ. ನನಗೆ ಮೊದಲು ಗೊತ್ತಾಗಿದ್ದು ಗಾಡಿಯ ಮೇಲೆಯೇ. ಸೋಮವಾರ ಗೇರ್ ಲಿವರ್ ಎಡಗಾಲಿಗೆ ಸರಿಯಾಗಿ ತಾಕುತ್ತಿಲ್ಲ ಅನ್ನಿಸಿತು, ಶೂ ಬಿಗಿಯಾಗಿದೆ ಅಂದುಕೊಂಡೆ. ಗುರುವಾರ ಹಾಸಿಗೆಯಿಂದ ಏಳಲು ಆಗಲಿಲ್ಲ. ಐದು ದಿನ ಐವಿಐಜಿ ಕೊಟ್ಟರು, ಅದು ಬೇರೆಯವರ ರಕ್ತದಿಂದ ತೆಗೆದ ಪ್ರತಿಕಾಯಗಳ ಡ್ರಿಪ್. ಕಾಯಿಲೆ ಮೇಲಕ್ಕೆ ಹತ್ತುವುದು ನಿಂತಿತು. ಆದರೆ ನಿಂತಿದ್ದು ಬೇರೆ, ವಾಪಸ್ ಬರುವುದು ಬೇರೆ. ಪೆಟ್ಟು ತಿಂದ ನರ ದಿನಕ್ಕೆ ಸುಮಾರು 1 ಮಿಲಿಮೀಟರ್ ಬೆಳೆಯುತ್ತದೆ ಅಂತ ಫಿಸಿಯೋ ಹೇಳಿದರು. ಬೆನ್ನಿನಿಂದ ಪಾದದವರೆಗೆ ಎಷ್ಟು ದೂರ ಅಂತ ಮಲಗಿದಲ್ಲೇ ಲೆಕ್ಕ ಹಾಕುತ್ತಿದ್ದೆ.

ಆ ಹೊತ್ತಿನಲ್ಲಿ ಗಾಡಿಯ ನೆನಪು ಯಾರಿಗೆ ಇರುತ್ತದೆ ಹೇಳಿ. ಮನೆಯವರು ನನ್ನನ್ನು ನೋಡಿಕೊಳ್ಳುವುದರಲ್ಲೇ ಸುಸ್ತಾಗಿದ್ದರು. ಆರನೇ ವಾರ ಗುಂಪಿನಲ್ಲಿ ನಾವೆಲ್ಲ ಅಣ್ಣ ಅಂತ ಕರೆಯುವ ಹಿರಿಯರೊಬ್ಬರು ಬಂದು, ನನ್ನ ಹತ್ತಿರ ಏನೂ ಕೇಳದೆ, ನನ್ನ ಹೆಂಡತಿಯ ಹತ್ತಿರ ಬೈಕ್ ಕೀ ಕೇಳಿದರು. 'ಗಾಡಿ ಸಾಯಬಾರದಮ್ಮ, ಅಷ್ಟೇ' ಅಂದರಂತೆ. ಕೀ ಹಾಕಿದರೆ ಮೀಟರ್ ಮಂಕಾಗಿ ಮಿನುಗಿ ಆರಿಹೋಯಿತು. ಸ್ಟಾರ್ಟರ್ ಒತ್ತಿದರೆ ಬರೀ ಟಕಟಕ. ಬ್ಯಾಟರಿ 11.7 ವೋಲ್ಟ್.

ನಿಲ್ಲಿಸಿದ ಗಾಡಿ ಏನೂ ತಿನ್ನುವುದಿಲ್ಲ ಅಂತ ನಾವು ಅಂದುಕೊಂಡಿರುತ್ತೇವೆ, ಅಲ್ವಾ? ಹಾಗಲ್ಲ. ಗಡಿಯಾರ, ಇಂಜಿನ್ ನೋಡಿಕೊಳ್ಳುವ ಪುಟ್ಟ ಕಂಪ್ಯೂಟರ್ ಇಸಿಯು, ಯಾರಾದರೂ ಟ್ರ್ಯಾಕರ್ ಹಾಕಿಸಿದ್ದರೆ ಅದೂ, ಎಲ್ಲವೂ ಚೂರು ಚೂರು ಎಳೆಯುತ್ತಲೇ ಇರುತ್ತವೆ. ಬರೀ 5 ಮಿಲಿಆಂಪ್ ಅಂತ ಇಟ್ಟುಕೊಳ್ಳಿ. 8 ಆಂಪ್ ಅವರ್‌ನ ಬ್ಯಾಟರಿ 66 ದಿನಕ್ಕೆ ಪೂರ್ತಿ ಖಾಲಿ. ತುಂಬಿದ ಲೆಡ್ ಆಸಿಡ್ ಬ್ಯಾಟರಿ ಸುಮ್ಮನಿದ್ದಾಗ 12.6ರಿಂದ 12.8 ವೋಲ್ಟ್ ತೋರಿಸಬೇಕು. 12.4ಕ್ಕಿಂತ ಕೆಳಗೆ ಬಹಳ ದಿನ ಬಿಟ್ಟರೆ ಒಳಗಿನ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಹಿಡಿದುಕೊಳ್ಳುವುದಿಲ್ಲ.

ಈಗ ಚಾರ್ಜರ್ ವಿಷಯ. ಆಪ್ಟಿಮೇಟ್, ಸಿಟೆಕ್, ಬ್ಯಾಟರಿ ಟೆಂಡರ್ ಅಂತ ಹೆಸರು ಕೇಳಿರುತ್ತೀರಿ. ನನ್ನದು ಅಷ್ಟು ಹೆಸರಿಲ್ಲದ ಕಂಪನಿಯದು, ಆದರೆ ಕೆಲಸ ಅದೇ. ಸುಮಾರು 1 ಆಂಪ್ ಕೊಡುತ್ತದೆ. ಬೈಕ್ ಬ್ಯಾಟರಿಗೆ ಅಷ್ಟು ಸಾಕು, ಕಾರಿನ ದೊಡ್ಡ ಚಾರ್ಜರ್ ತಂದು ಸಿಕ್ಕಿಸಬೇಡಿ. ಮೊದಲು ತುಂಬಿಸುತ್ತದೆ, 14.4 ವೋಲ್ಟಿನ ಆಸುಪಾಸಿಗೆ ಬಂದಮೇಲೆ ಕರೆಂಟ್ ಇಳಿಸುತ್ತಾ ಹೋಗುತ್ತದೆ, ಕೊನೆಗೆ 13.6ರ ಸುತ್ತಮುತ್ತ ಸುಮ್ನೆ ಹಿಡಿದುಕೊಂಡು ಕೂರುತ್ತದೆ. ಹಳೆಯ ಕಾಲದ ಚಾರ್ಜರ್‌ಗಳ ಹಾಗೆ ಬೇಯಿಸಿ ನೀರು ಇಂಗಿಸುವುದಿಲ್ಲ. ತಿಂಗಳುಗಟ್ಟಲೆ ಬಿಟ್ಟರೂ ಪರವಾಗಿಲ್ಲ ಅನ್ನುವುದು ಇದಕ್ಕೇ. 11.7ಕ್ಕೆ ಇಳಿದಿದ್ದ ನನ್ನ ಬ್ಯಾಟರಿಯನ್ನು ಒಂದು ರಾತ್ರಿಯಲ್ಲಿ ಎಬ್ಬಿಸಿತು. ಅದೇ ಬ್ಯಾಟರಿ ಇವತ್ತಿಗೂ ಗಾಡಿಯಲ್ಲಿದೆ. ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ನನಗೆ ಕೊಡಲು ಗೊತ್ತಿಲ್ಲ.

ಕೊರತೆಗಳೂ ಇವೆ. ಮೊದಲನೆಯದು, ಪೂರ್ತಿ ಸತ್ತ ಬ್ಯಾಟರಿಯನ್ನು ಇದು ಗುರುತಿಸುವುದೇ ಇಲ್ಲ. ಗುಂಪಿನ ಇನ್ನೊಬ್ಬ ಹುಡುಗನ ಹಳೇ ಬ್ಯಾಟರಿಗೆ ಹಾಕಿ ನೋಡಿದೆವು, ದೀಪವೇ ಹತ್ತಲಿಲ್ಲ. ಕ್ಲಿಪ್ಪುಗಳು ತೀರಾ ಸಡಿಲ, ಅದಕ್ಕೇ ಅಣ್ಣ ಅವನ್ನು ಬಿಟ್ಟು ರಿಂಗ್ ಟರ್ಮಿನಲ್ ಇರುವ ವೈರನ್ನು ಬ್ಯಾಟರಿಗೆ ಕಾಯಂ ಆಗಿ ಬಿಗಿದು ಅದರ ತುದಿಯನ್ನು ಸೀಟಿನ ಕೆಳಗಿಂದ ಹೊರಗೆ ಬಿಟ್ಟರು. ಆ ತುದಿಗೆ ರಬ್ಬರ್ ಮುಚ್ಚಳ ಇರಬೇಕು, ನಮ್ಮ ಡಬ್ಬಿಯಲ್ಲಿ ಬರಲಿಲ್ಲ. ಲಿಥಿಯಂ ಬ್ಯಾಟರಿ ಇರುವವರು ಇದನ್ನು ಕೊಳ್ಳಲೇಬೇಡಿ, ಅದಕ್ಕೆ ಬೇರೆ ಚಾರ್ಜರ್ ಬೇಕು. ಎಲ್ಲಕ್ಕಿಂತ ಜಾಸ್ತಿ ಬೇಜಾರಾಗಿದ್ದು, ಇದರಲ್ಲಿ ವೋಲ್ಟ್ ತೋರಿಸುವ ಪರದೆ ಇಲ್ಲ. ಕೆಂಪು ದೀಪ, ಹಸಿರು ದೀಪ, ಮುಗಿಯಿತು. ಹಸಿರು ಹತ್ತಿದ ಮಾತ್ರಕ್ಕೆ ಬ್ಯಾಟರಿ ಗಟ್ಟಿಯಾಗಿದೆ ಅಂತ ಅಲ್ಲ.

ಆ ಕೊರತೆಯಿಂದಲೇ ಪುಸ್ತಕ ಶುರುವಾಯಿತು. ಪರದೆ ಇಲ್ಲ ಅಂತ ಅಣ್ಣ ವೋಲ್ಟ್ ಅಳೆಯುವ ತಮ್ಮದೇ ಮಲ್ಟಿಮೀಟರ್ ತಂದು ಟ್ಯಾಂಕಿನ ಮೇಲೆ ಇಟ್ಟರು, ಪಕ್ಕದಲ್ಲಿ ಒಂದು ನೋಟ್‌ಬುಕ್ಕು. ವಾರಕ್ಕೊಬ್ಬರ ಸರದಿ. ಬಂದವರು ತಾರೀಕು, ವೋಲ್ಟ್, ಎರಡೂ ಟೈರಿನ ಗಾಳಿ, ಕಣ್ಣಿಗೆ ಬಿದ್ದ ಬೇರೆ ಏನಾದರೂ ಇದ್ದರೆ ಅದು, ಇಷ್ಟು ಬರೆಯಬೇಕು. ಮೊದಲ ಪುಟಗಳಲ್ಲಿ 13.5, 13.6 ಅಂತೆಲ್ಲ ಬರೆದಿದ್ದಾರೆ, ಚಾರ್ಜರ್ ಹಾಕಿಕೊಂಡೇ ಅಳೆದಿದ್ದರು. ಅದರ ಕೆಳಗೆ ಅಣ್ಣನ ದಪ್ಪ ಅಕ್ಷರ: 'ಹಿಂದಿನ ರಾತ್ರಿಯೇ ಪ್ಲಗ್ ತೆಗೆಯಲು ಮನೆಯವರಿಗೆ ಹೇಳಿ. ಬೆಳಗ್ಗೆ ಅಳೆಯಿರಿ.' ಅವತ್ತಿನಿಂದ 12.7, 12.8, 12.7.

ಪೆಟ್ರೋಲ್ ವಿಷಯದಲ್ಲಿ ಗುಂಪಿನೊಳಗೇ ಜಗಳ ಆಗಿದೆ, ಪುಸ್ತಕದಲ್ಲಿ ಅದೂ ಇದೆ. ಒಬ್ಬ ವಾರಕ್ಕೊಮ್ಮೆ ಬಂದು ಎರಡು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುತ್ತಿದ್ದ. ಪ್ರೀತಿಯಿಂದಲೇ ಮಾಡಿದ್ದು. ಆದರೆ ಇಂಜಿನ್ ಪೂರ್ತಿ ಬಿಸಿಯಾಗದೆ ನಿಂತರೆ ಒಳಗೆ, ಸೈಲೆನ್ಸರಿನಲ್ಲಿ ನೀರಿನ ಪಸೆ ಉಳಿಯುತ್ತದೆ. ಸ್ಟಾರ್ಟರ್ ತಿಂದ ಚಾರ್ಜನ್ನು ಎರಡು ನಿಮಿಷದಲ್ಲಿ ಗಾಡಿ ವಾಪಸ್ ತುಂಬುವುದೂ ಇಲ್ಲ. ನಿಲ್ಲಿಸುವುದಾದರೆ ಸರಿಯಾಗಿ ನಿಲ್ಲಿಸಬೇಕು. ಎಥನಾಲ್ ಬೆರೆತ ಪೆಟ್ರೋಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ, ಹಾಗಾಗಿ ಹಳೆಯದನ್ನು ತೆಗೆದು, ಹೊಸದನ್ನು 15 ಲೀಟರಿನ ಟ್ಯಾಂಕಿನ ಕುತ್ತಿಗೆವರೆಗೆ ತುಂಬಿ, ಪೆಟ್ರೋಲ್ ಬೇಗ ಕೆಡದಿರಲಿ ಅಂತ ಸ್ಟೆಬಿಲೈಸರ್ ಹಾಕಿ, ಅದು ಇಂಜೆಕ್ಟರಿನವರೆಗೆ ಹೋಗಲಿ ಅಂತ ಒಂದೇ ಸಲ ಚೆನ್ನಾಗಿ ಬಿಸಿಯಾಗುವವರೆಗೆ ಓಡಿಸಿ ನಿಲ್ಲಿಸಿದರು. ಟ್ಯಾಂಕ್ ತುಂಬಿದ್ದರೆ ಒಳಗೆ ಗಾಳಿಗೆ ಜಾಗ ಇಲ್ಲ, ತುಕ್ಕೂ ಕಮ್ಮಿ. ಆಯಿಲ್ ಬದಲಿಸಿದರು. ಇಲಿ ಗೂಡು ಕಟ್ಟದಿರಲಿ ಅಂತ ಸೈಲೆನ್ಸರ್ ಬಾಯಿಗೆ ಬಟ್ಟೆ ತುರುಕಿ, ಮರೆತು ಸ್ಟಾರ್ಟ್ ಮಾಡದ ಹಾಗೆ ಕೀಗೆ ಒಂದು ಕೆಂಪು ಚೀಟಿ ಕಟ್ಟಿದರು. ಸೆಂಟರ್ ಸ್ಟ್ಯಾಂಡ್ ಇದ್ದಿದ್ದು ಅನುಕೂಲವಾಯಿತು, ಹಿಂದಿನ ಚಕ್ರ ನೆಲಕ್ಕೆ ತಾಗದೆ ಇತ್ತು.

ಗುಂಪಿನವರು ಎಲ್ಲವನ್ನೂ ಸರಿಯಾಗಿಯೇ ಮಾಡಿದರು ಅಂತಲ್ಲ. ಮೊದಲ ಎರಡು ವಾರ ದಿನಾ ಹತ್ತು ಹನ್ನೆರಡು ಜನ ಬರುತ್ತಿದ್ದರು. ಮುಖ ನೋಡಿ ಖುಷಿಯಾಗುತ್ತಿತ್ತು, ಅವರು ಹೋದಮೇಲೆ ಕಣ್ಣು ಬಿಡಲೂ ಶಕ್ತಿ ಇರುತ್ತಿರಲಿಲ್ಲ. ಈ ಕಾಯಿಲೆಯ ಸುಸ್ತು ಸಾಮಾನ್ಯ ಸುಸ್ತಲ್ಲ, ಕಾಲಿಗೆ ಬಲ ಬಂದಮೇಲೂ ಎಷ್ಟೋ ತಿಂಗಳು ಬಿಡುವುದಿಲ್ಲ. ಗುಂಪಿನ ಹುಡುಗನೊಬ್ಬ ಅಮೆರಿಕದ ಬೈಕ್ ರೇಸರ್ ವೇಯ್ನ್ ರೇನಿಯ ವಿಡಿಯೋ ತೋರಿಸಿದ. 1990ರಿಂದ 92ರವರೆಗೆ ಸತತ ಮೂರು ಸಲ 500 ಸಿಸಿ ವಿಶ್ವ ಚಾಂಪಿಯನ್, 1993ರಲ್ಲಿ ಇಟಲಿಯ ಮಿಸಾನೋ ಟ್ರ್ಯಾಕಿನಲ್ಲಿ ಬಿದ್ದು ಎದೆಯಿಂದ ಕೆಳಗೆ ಸ್ವಾಧೀನ ಕಳೆದುಕೊಂಡವರು, 2022ರಲ್ಲಿ ಇಂಗ್ಲೆಂಡಿನ ಗುಡ್‌ವುಡ್‌ನಲ್ಲಿ ತಮ್ಮ ಹಳೆಯ ಯಮಹಾವನ್ನು ಮತ್ತೆ ಓಡಿಸಿದರು. ದೊಡ್ಡ ವಿಷಯ, ಇವತ್ತು ಎಷ್ಟು ಸಲ ಬೇಕಾದರೂ ನೋಡುತ್ತೇನೆ. ಅವತ್ತು ನನಗೆ ಚಮಚ ಹಿಡಿಯಲು ಆಗುತ್ತಿರಲಿಲ್ಲ. ಗೋಡೆಯ ಕಡೆ ತಿರುಗಿ ಮಲಗಿದೆ. ಇನ್ನೊಬ್ಬರು 'ಗಾಡಿ ಕೊಡುವುದಾದರೆ ನನಗೇ ಹೇಳು' ಅಂದರು. ಕೆಟ್ಟ ಮನಸ್ಸಿನಿಂದ ಅಂದಿದ್ದಲ್ಲ, ಆದರೂ ಆ ಮಾತು ಬಹಳ ದಿನ ಚುಚ್ಚುತ್ತಿತ್ತು. ಹೀಗಾದಮೇಲೆ ಅಣ್ಣ ನಿಯಮ ಮಾಡಿದರು: ವಾರಕ್ಕೆ ಇಬ್ಬರು ಬಂದರೆ ಸಾಕು, ಅರ್ಧ ಗಂಟೆ, ಯಾವಾಗ ಓಡಿಸುತ್ತೀಯ ಅಂತ ಯಾರೂ ಕೇಳಬಾರದು. ಯಾರಾದರೂ ಕಾಯಿಲೆ ಬಿದ್ದಿದ್ದರೆ ನಿಮ್ಮ ಗುಂಪಿನಲ್ಲೂ ಈ ನಿಯಮ ಮಾಡಿ, ದಯವಿಟ್ಟು.

ಮೂರನೇ ತಿಂಗಳು ಮನೆಗೆ ಬಂದೆ, ವಾಕರ್ ಹಿಡಿದು. ಗಾಡಿಯ ಹತ್ತಿರ ಹೋಗಲು ಇನ್ನೂ ಮೂರು ವಾರ ಬೇಕಾಯಿತು. ಅವತ್ತು ಸರದಿಯಲ್ಲಿ ಬಂದಿದ್ದ ಹುಡುಗ ಮಲ್ಟಿಮೀಟರಿನ ಎರಡು ಕಡ್ಡಿಗಳನ್ನು ನನ್ನ ಕೈಗೆ ಕೊಟ್ಟ. 'ನೀವೇ ಅಳೆಯಿರಿ.' ಹೆಬ್ಬೆರಳು ತೋರುಬೆರಳಿನ ಮಧ್ಯೆ ಕಡ್ಡಿ ನಿಲ್ಲುತ್ತಿರಲಿಲ್ಲ, ಮೂರು ಸಲ ಜಾರಿತು. ಎತ್ತಿಕೊಡಲು ಅವನು ಬಗ್ಗಲಿಲ್ಲ, ನಾನೇ ವೈರ್ ಹಿಡಿದು ಎಳೆದುಕೊಂಡೆ. ನಾಲ್ಕನೇ ಸಲಕ್ಕೆ 12.7. ಪುಸ್ತಕದಲ್ಲಿ ನಾನೇ ಬರೆದೆ. ಆ ಅಂಕಿ ಒಂದನೇ ಕ್ಲಾಸಿನ ಮಗು ಬರೆದ ಹಾಗಿದೆ, 7 ಗೆರೆ ದಾಟಿ ಹೋಗಿದೆ. ಫಿಸಿಯೋ ಹತ್ತಿರ ಹೇಳಿದಾಗ, ಇದನ್ನು ದಿನಾ ಮಾಡಿ ಅಂದರು. ಬೆರಳಿನ ಹಿಡಿತಕ್ಕೆ ಅವರು ಕೊಟ್ಟಿದ್ದ ಬಟ್ಟೆ ಕ್ಲಿಪ್ಪಿನ ವ್ಯಾಯಾಮಕ್ಕಿಂತ ನನಗೆ ಇದರಲ್ಲಿ ಮನಸ್ಸು ನಿಲ್ಲುತ್ತಿತ್ತು.

ಕ್ಲಚ್ ಬಗ್ಗೆಯೂ ಹೇಳಬೇಕು, ಕೈಯ ಬಲ ಕಮ್ಮಿಯಾದವರಿಗೆ ಅದೇ ದೊಡ್ಡ ಗೋಡೆ. ಮೊದಲು ಇಂಜಿನ್ ಕಡೆಯ ಕ್ಲಚ್ ತೋಳನ್ನು ಉದ್ದ ಮಾಡುವ ಒಂದು ತುಂಡು ತಂದು ಹಾಕಿದರು. ಎಳೆಯುವುದು ನಿಜಕ್ಕೂ ಹಗುರವಾಯಿತು. ಆದರೆ ಲಿವರ್ ಪೂರ್ತಿ ಹಿಡಿದರೂ ಕ್ಲಚ್ ಪೂರ್ತಿ ಬಿಡುತ್ತಿರಲಿಲ್ಲ, ನಿಂತಾಗ ನ್ಯೂಟ್ರಲ್ ಸಿಗುತ್ತಿರಲಿಲ್ಲ. ತೋಳು ಉದ್ದವಾದಷ್ಟು ಬಲ ಕಮ್ಮಿ ಸಾಕು, ಪ್ಲೇಟು ಬಿಡಿಸಿಕೊಳ್ಳುವ ದೂರವೂ ಕಮ್ಮಿಯಾಗುತ್ತದೆ. ತೆಗೆದುಹಾಕಿದೆವು. ನನ್ನ ಮಟ್ಟಿಗೆ ಅದು ದಂಡದ ಖರ್ಚು. ಕೊನೆಗೆ ಕೆಲಸ ಮಾಡಿದ್ದು ಹೊಸ ಕೇಬಲ್. ಹಳೆಯದು ಹ್ಯಾಂಡಲ್ ಹತ್ತಿರ ಚೂಪಾಗಿ ಬಗ್ಗಿ ಒಳಗೆ ಉಜ್ಜುತ್ತಿತ್ತು. ಹೊಸದನ್ನು ದೊಡ್ಡ ತಿರುವಿನಲ್ಲಿ ಹಾಯಿಸಿ, ಬೆರಳಿಗೆ ಹತ್ತಿರ ತರಬಹುದಾದ ಅಡ್ಜಸ್ಟಬಲ್ ಲಿವರ್ ಹಾಕಿದಮೇಲೆ ಎರಡು ಬೆರಳಲ್ಲಿ ಹಿಡಿಯಲು ಆಯಿತು. ಲಿವರಿಗೆ ದುಡ್ಡು ಹಾಕುವ ಮೊದಲು ಕೇಬಲ್ ನೋಡಿ.

ಹೆಲ್ಮೆಟ್ ಇಷ್ಟು ಭಾರ ಅಂತ ನನಗೆ ಮೊದಲು ಅನ್ನಿಸಿಯೇ ಇರಲಿಲ್ಲ. ಒಂದೂವರೆ ಕೆಜಿ ಸೋತ ಕುತ್ತಿಗೆಗೆ ಬಹಳ. ದಿನಾ ಹತ್ತು ನಿಮಿಷ ಕುರ್ಚಿಯಲ್ಲಿ ಹೆಲ್ಮೆಟ್ ಹಾಕಿಕೊಂಡು ಕೂರುತ್ತಿದ್ದೆ. ಆಮೇಲೆ ಸೆಂಟರ್ ಸ್ಟ್ಯಾಂಡ್ ಮೇಲಿನ ಗಾಡಿಯಲ್ಲಿ ಕೂತು ಹಿಂದಿನ ಬ್ರೇಕ್, ಗೇರ್. ಪಾದಕ್ಕೆ ಪೆಡಲ್ ಎಲ್ಲಿದೆ ಅಂತ ನೋಡದೆ ಗೊತ್ತಾಗಬೇಕು, ಗೊತ್ತಾಗುವವರೆಗೆ ರಸ್ತೆಯ ಮಾತೇ ಇಲ್ಲ. ಆರನೇ ತಿಂಗಳು ಅಣ್ಣನ ಹಿಂದೆ ಪಿಲಿಯನ್ ಆಗಿ ಕೂತೆ. ಡಾಕ್ಟರು ಪಾದ, ಕೈ ಎಲ್ಲ ಪರೀಕ್ಷೆ ಮಾಡಿ ಓಡಿಸಬಹುದು ಅಂದಮೇಲೆಯೇ ಸ್ವಂತ ಗಾಡಿ. 199 ಕೆಜಿ ಗಾಡಿಯನ್ನು ಸ್ಟ್ಯಾಂಡಿನಿಂದ ಇಳಿಸಲು ಇಬ್ಬರು ಹಿಡಿದುಕೊಂಡರು. ಸೈಲೆನ್ಸರ್ ಬಟ್ಟೆ ತೆಗೆದು, ಕೆಂಪು ಚೀಟಿ ಬಿಚ್ಚಿ, ಸ್ಟಾರ್ಟರ್ ಒತ್ತಿದೆ. ಮೊದಲ ಸಲಕ್ಕೇ ಹತ್ತಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ, ಎಲ್ಲರೂ ಇಂಜಿನ್ ಶಬ್ದ ಕೇಳುತ್ತಾ ನಿಂತಿದ್ದರು.

ಮುಂದೆ ಒಬ್ಬ, ಹಿಂದೆ ಒಬ್ಬ, ಮಧ್ಯೆ ನಾನು. ಇಪ್ಪತ್ತು ನಿಮಿಷಕ್ಕೊಮ್ಮೆ ನಿಲ್ಲುವುದು ಅಂತ ಮೊದಲೇ ಮಾತಾಗಿತ್ತು. ಎರಡನೇ ಸಲ ನಿಂತಾಗ ಕಾಲು ನಡುಗುತ್ತಿತ್ತು, ಸಾಕು ಅಂದೆ. ಸರಿ ಅಂದರು, ಒಬ್ಬ ನನ್ನ ಗಾಡಿ ತಂದ, ನಾನು ಹಿಂದೆ ಕೂತು ಬಂದೆ. ಇನ್ನೊಂದು ಸ್ವಲ್ಪ ದೂರ ಅಂತ ಯಾರೂ ಒತ್ತಾಯ ಮಾಡಲಿಲ್ಲ.

ಚಾರ್ಜರ್ ಕೊಳ್ಳಬಹುದಾ ಅಂತ ಕೇಳಿದರೆ, ಗಾಡಿ ಮೂರು ವಾರಕ್ಕಿಂತ ಜಾಸ್ತಿ ನಿಲ್ಲುವ ಹಾಗಿದ್ದರೆ ಖಂಡಿತ ಕೊಳ್ಳಿ. ಪರದೆ ಇರುವುದನ್ನೇ ತೆಗೆದುಕೊಳ್ಳಿ. ಪರದೆ ಇಲ್ಲದ ನನ್ನದಕ್ಕೆ ಐದರಲ್ಲಿ ನಾಲ್ಕು ನಕ್ಷತ್ರ ಕೊಡುತ್ತೇನೆ.

ಪುಸ್ತಕ ಇನ್ನೂ ಅಲ್ಲೇ ಇದೆ. ಹೋದ ತಿಂಗಳು ಒಂದು ಭಾನುವಾರ ಬೆಳಗ್ಗೆ ನಾನು ಒಬ್ಬನೇ ಒಂದು ಸುತ್ತು ಹೋಗಿ ಬಂದೆ, ಯಾರಿಗೂ ಹೇಳಿರಲಿಲ್ಲ. ವಾಪಸ್ ಬಂದು ನೋಡಿದರೆ, ಸರದಿಯಲ್ಲಿ ಬಂದಿದ್ದವನು ತಾರೀಕು ಹಾಕಿ ಬರೆದುಹೋಗಿದ್ದ: 'ಗಾಡಿ ಇಲ್ಲ. ಅಳೆಯಲಿಲ್ಲ.'