ಬೆಲೆ ಹೇಳುವ ಮೊದಲು ಸೀಮೆಸುಣ್ಣ ಹಿಡಿದ ಟೈರ್ ಅಂಗಡಿ

ದಾವಣಗೆರೆಯ ಪಿ.ಬಿ. ರಸ್ತೆಯ ಒಂದು ಟೈರ್ ಅಂಗಡಿಯನ್ನು ಹೊಗಳಲು ಕುಳಿತಿದ್ದೇನೆ. ಆದರೆ ಅದಕ್ಕೂ ಮುಂಚೆ ಇನ್ನೊಂದು ಅಂಗಡಿಯಲ್ಲಿ ನಾನು ಮೂರ್ಖನಾದ ಕಥೆಯನ್ನು ಹೇಳದೆ ವಿಧಿಯಿಲ್ಲ.

ನಮ್ಮದು ಚನ್ನಗಿರಿ ತಾಲ್ಲೂಕು. ಮೂರು ಎಕರೆ ಅಡಿಕೆ ತೋಟ, ಭದ್ರಾ ನಾಲೆಯ ನೀರಿಗೆ ಒಂದು ಎಕರೆ ಗದ್ದೆ. ಕೆಲಸಕ್ಕೆ ಮಹೀಂದ್ರಾ ಜಿವೊ 245, 24 ಅಶ್ವಶಕ್ತಿಯ ಫೋರ್ ವೀಲ್ ಡ್ರೈವ್ ಮಿನಿ ಟ್ರ್ಯಾಕ್ಟರ್; ಬೇಕೆಂದಾಗ ಒಂದು ಲಿವರ್ ಹಾಕಿದರೆ ಮುಂದಿನ ಚಕ್ರಗಳೂ ಎಂಜಿನ್ ಬಲದಿಂದ ಎಳೆಯುತ್ತವೆ. ಮುಂದೆ 6.00-14, ಹಿಂದೆ 8.3-24 ಅಳತೆಯ ಟೈರುಗಳು (ಮೊದಲ ಅಂಕಿ ಟೈರಿನ ಅಗಲ, ಎರಡನೆಯದು ರಿಮ್ಮಿನ ವ್ಯಾಸ, ಎರಡೂ ಇಂಚಿನಲ್ಲಿ). ಹೋದ ವರ್ಷ ಹಿಂದಿನ ಜೊತೆಯ ಹಲ್ಲು ಸವೆದು, ಮಳೆಗಾಲದಲ್ಲಿ ಗಾಡಿ ತೋಟದ ಬಸಿಗಾಲುವೆಯ ಬದುವಿನಲ್ಲೇ ಜಾರತೊಡಗಿತು. ಹತ್ತಿರದ ಪೇಟೆಗೆ ಹೋದೆ. ಅಂಗಡಿಯಲ್ಲಿ 8.3 ಇರಲಿಲ್ಲ. "ಅದಕ್ಕಿಂತ ಒಳ್ಳೆಯದು ಕೊಡುತ್ತೇನೆ ಸ್ವಾಮಿ, 9.5-24 ಹಾಕಿ. ರಿಮ್ ಅದೇ 24, ಟೈರು ಅಗಲ, ಹಿಡಿತ ಜಾಸ್ತಿ" ಎಂದರು. ರಿಮ್ಮಿಗೆ ಕೂರುವುದಾದರೆ ಸರಿಯಲ್ಲವೇ ಎಂದುಕೊಂಡೆ. ಕೂತಿತು ಕೂಡ. ಮನೆಗೆ ಬರುವಾಗ ಗಾಡಿ ಎತ್ತರವಾಗಿ ಕಾಣುತ್ತಿತ್ತು, ನನಗೂ ಒಂದಿಷ್ಟು ಜಂಬವೇ ಬಂದಿತ್ತು.

ಜಂಬ ಇಳಿಯಲು ಹದಿನೈದು ದಿನ ಸಾಕಾಯಿತು. ಫೋರ್ ವೀಲ್ ಹಾಕಿ ಗಟ್ಟಿ ನೆಲದಲ್ಲಿ ತಿರುಗಿಸಿದರೆ ಸ್ಟೀರಿಂಗ್ ಕಲ್ಲಿನಂತೆ ಬಿಗಿಯುತ್ತಿತ್ತು. ಕೆಲಸ ಮುಗಿಸಿ ಲಿವರ್ ಬಿಡಿಸಲು ಹೋದರೆ ಅದು ಬರುತ್ತಲೇ ಇರಲಿಲ್ಲ. ಗಾಡಿಯನ್ನು ಎರಡು ಮಾರು ಹಿಂದಕ್ಕೆ ತೆಗೆದರೆ 'ಟಕ್' ಎಂದು ಬಿಡುತ್ತಿತ್ತು. ಮಡ್‌ಗಾರ್ಡಿಗೂ ಟೈರಿಗೂ ನಡುವೆ ಇದ್ದ ಸಂದು ಕಿರಿದಾಗಿ ಕೆಸರು ಗಟ್ಟಿಯಾಗಿ ಮೆತ್ತಿಕೊಳ್ಳುತ್ತಿತ್ತು. ನಾಟಿಗೆ ಮುಂಚೆ ಗದ್ದೆ ಕಲಸಲು ಹಿಂದಿನ ಟೈರುಗಳ ಪಕ್ಕಕ್ಕೆ ಕೇಜ್ ವೀಲ್ ಎಂಬ ಕಬ್ಬಿಣದ ಚಕ್ರ ಕಟ್ಟಿದಾಗ ಇನ್ನೊಂದು ತಮಾಷೆ: ಟೈರು ಎತ್ತರವಾಗಿ, ಕೇಜ್ ವೀಲು ಕುಳ್ಳಗಾಗಿ, ಕಬ್ಬಿಣದ ಪಟ್ಟಿಗಳು ಕೆಸರಿನ ಮೇಲೆಮೇಲೆ ಆಡುತ್ತಿದ್ದವು. ಮುಂದಿನ ಟೈರುಗಳ ಹಲ್ಲಂತೂ ಒಂದೇ ಬೆಳೆಗೆ ಉಜ್ಜಿದಂತೆ ಸವೆದವು. ಮಾರಿದವರಿಗೆ ಫೋನ್ ಮಾಡಿದರೆ "ಹೊಸ ಟೈರು, ಪಳಗಬೇಕು" ಎಂಬ ಉತ್ತರ ಬಂತು. ಟೈರೇನು ಹೋರಿಯೇ ಪಳಗಲು!

ನನ್ನ ಭಾವಮೈದುನ ದಾವಣಗೆರೆಯ ಅಂಗಡಿಯನ್ನು ತೋರಿಸಿದ್ದು ಆಗ. ಬೋರ್ಡಿನ ಬಣ್ಣ ಹೋಗಿದೆ. ಎಲ್ಲರೂ ಸಾಹೇಬರ ಅಂಗಡಿ ಎನ್ನುತ್ತಾರೆ. ಅರವತ್ತು ದಾಟಿದ ಸಾಹೇಬರು ಗಾಡಿಯ ಸುತ್ತ ಒಂದು ಸುತ್ತು ಬಂದು, ಒದ್ದೆ ಬಟ್ಟೆಯಿಂದ ಹಿಂದಿನ ಟೈರಿನ ಪಕ್ಕ ಒರೆಸಿ ಅಳತೆ ಓದಿದರು. ಆಮೇಲೆ ರಿಮ್ ಒರೆಸಿದರು. ಅದರ ಮೇಲೆ ಡಬ್ಲ್ಯೂ 7 ಎಂದು ಅಚ್ಚಾಗಿತ್ತು. "ಇದು 8.3ರ ರಿಮ್. 9.5ಕ್ಕೆ ಡಬ್ಲ್ಯೂ 8 ಇರಬೇಕು. ಅಗಲದ ಟೈರನ್ನು ಕಿರಿದಾದ ರಿಮ್ಮಿಗೆ ಹಾಕಿದರೆ ನಡು ಉಬ್ಬುತ್ತದೆ, ಅಂಚಿನ ಹಲ್ಲು ನೆಲಕ್ಕೆ ಸರಿಯಾಗಿ ತಾಗುವುದಿಲ್ಲ. ನೀವು ದುಡ್ಡು ಕೊಟ್ಟ ಅಗಲ ಗಾಳಿಯಲ್ಲೇ ಇದೆ" ಎಂದರು.

ಮುಂದೆ ಅವರು ಮಾಡಿದ ಕೆಲಸಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ. ಅಂಗಡಿಯ ಹಿಂದೆ ಮಣ್ಣಿನ ಬಯಲಿದೆ. ಹಿಂದಿನ ಚಕ್ರಕ್ಕೊಂದು, ಮುಂದಿನ ಚಕ್ರಕ್ಕೊಂದು ಸೀಮೆಸುಣ್ಣದ ಗೆರೆ ಎಳೆದು, ನನ್ನನ್ನು ಸೀಟಿನಲ್ಲಿ ಕೂರಿಸಿದರು. ಮೊದಲು ಫೋರ್ ವೀಲ್ ಬಿಡಿಸಿ ನಿಧಾನವಾಗಿ ಓಡಿಸಲು ಹೇಳಿದರು. ಹಿಂದಿನ ಚಕ್ರದ ಹತ್ತು ಸುತ್ತನ್ನು ಅವರು ಎಣಿಸಿದರು, ಮುಂದಿನದನ್ನು ಅವರ ಹುಡುಗ ಎಣಿಸಿದ. ಹಿಂದಿನ ಚಕ್ರ ಹತ್ತು ತಿರುಗುವಷ್ಟರಲ್ಲಿ ಮುಂದಿನದು ಹದಿನೈದೂವರೆ ದಾಟಿತ್ತು. ಎರಡನೆಯ ಸಲ ಫೋರ್ ವೀಲ್ ಹಾಕಿ ಅದೇ ಹತ್ತು ಸುತ್ತು. ಈಗ ಮುಂದಿನದು ಹದಿನೈದರ ಮೇಲೆ ಒಂದಿಷ್ಟೇ.

"ಅರ್ಥವಾಯಿತೇ? ಫೋರ್ ವೀಲ್ ಹಾಕಿದಾಗ ಮುಂದಿನ ಚಕ್ರ ಒಂದು ತೂಕ ಹೆಚ್ಚಿಗೆ ತಿರುಗಿ ಗಾಡಿಯನ್ನು ಎಳೆಯಬೇಕು, ನೂರಕ್ಕೆ ಎರಡು ಮೂರರಷ್ಟು. ನಿಮ್ಮದರಲ್ಲಿ ಕಡಿಮೆ ತಿರುಗುತ್ತಿದೆ. ಹಿಂದಿನ ಚಕ್ರ ಓಡು ಎನ್ನುತ್ತದೆ, ಮುಂದಿನದು ನಿಲ್ಲು ಎನ್ನುತ್ತದೆ. ಜಗಳ ನಡೆಯುವುದು ಗೇರಿನಲ್ಲಿ."

ಲಿವರ್ ಕಚ್ಚಿಕೊಳ್ಳುತ್ತಿದ್ದ ಗುಟ್ಟು ಅದೇ. ಮುಂದಿನ ಮತ್ತು ಹಿಂದಿನ ಚಕ್ರಗಳ ವೇಗದ ಲೆಕ್ಕವನ್ನು ಕಂಪನಿ ಗೇರಿನ ಹಲ್ಲುಗಳಲ್ಲೇ ಕೂಡಿಸಿಟ್ಟಿರುತ್ತದೆ. ಒಂದು ಕಡೆಯ ಟೈರಿನ ಎತ್ತರ ಬದಲಾದರೆ ಲೆಕ್ಕ ತಪ್ಪುತ್ತದೆ. ಟೈರು ಬದಲಿಸುವ ಮುಂಚೆಯೂ ಆಮೇಲೂ ನಾನೇ ಟೇಪು ಹಾಸಿ ನೋಡಿದೆ. 9.5 ಒಂದು ಸುತ್ತಿಗೆ 10 ಅಡಿ 3 ಇಂಚು ಸಾಗಿತು, ಹೊಸ 8.3 ಹಾಕಿದ ಮೇಲೆ 9 ಅಡಿ 8 ಇಂಚು. ಏಳು ಇಂಚಿನ ವ್ಯತ್ಯಾಸ! ಹಿಂದಿನ ಚಕ್ರಗಳಷ್ಟೇ ಎಳೆಯುವ ಟು ವೀಲ್ ಡ್ರೈವ್ ಗಾಡಿಯಾಗಿದ್ದರೆ ವೇಗ ತುಸು ಹೆಚ್ಚಿ, ಎಳೆಯುವ ಬಲ ತುಸು ತಗ್ಗುತ್ತಿತ್ತು, ಅಷ್ಟೇ. ಫೋರ್ ವೀಲಿಗೆ ಅದು ಹೊಟ್ಟೆನೋವು.

ಅಳತೆ ತೀರ್ಮಾನವಾದ ಮೇಲೆ ಉಳಿದದ್ದು ಬೇಗ ಮುಗಿಯಿತು. ಆಳದ ಹಲ್ಲಿನ ಗದ್ದೆ ಟೈರು ಬೇಕೇ ಎಂದು ನಾನು ಕೇಳಿದ್ದಕ್ಕೆ, ವರ್ಷದಲ್ಲಿ ಗದ್ದೆಯ ಕೆಲಸ ಎಷ್ಟು ದಿನ ಎಂದು ತಿರುಗಿ ಕೇಳಿದರು. ಎಂಟು ಹತ್ತು ದಿನ ಎಂದೆ. ಹಾಗಿದ್ದರೆ ಸಾಮಾನ್ಯ ಹಲ್ಲಿನದೇ ಸಾಕು, ಉಳಿದ ದಿನ ರಸ್ತೆಯಲ್ಲಿ ಕುಣಿಯುವುದೇಕೆ ಎಂದು 6 ಪ್ಲೈನ ಸಾದಾ ಜೊತೆಯನ್ನೇ ಕೊಟ್ಟರು. ಟೈರಿನ ಪಕ್ಕದ ನಾಲ್ಕು ಅಂಕಿಗಳನ್ನು ತೋರಿಸಿ ಮೊದಲೆರಡು ವಾರ, ಕೊನೆಯೆರಡು ವರ್ಷ ಎಂದು ಓದಿಸಿದರು. ನನ್ನದು ನಾಲ್ಕು ತಿಂಗಳ ಹಿಂದಿನ ಸರಕು. ಹಲ್ಲಿನ ಬಾಣ ಮುಂದಕ್ಕೆ ಮುಖ ಮಾಡಿದೆಯೇ ಎಂದು ಹುಡುಗ ಎರಡು ಸಲ ನೋಡಿದ.

ಭಾರಕ್ಕೆಂದು ಹಿಂದಿನ ಟೈರಿನೊಳಗೆ ನೀರು ತುಂಬಿಸುವ ವಿಷಯದಲ್ಲಿ ಮಾತ್ರ ನಮ್ಮಿಬ್ಬರಿಗೆ ವಾದವಾಯಿತು. ಟ್ಯೂಬಿನ ವಾಲ್ವು ಗಾಳಿಗೂ ನೀರಿಗೂ ಆಗುವಂಥದ್ದು, ಮುಕ್ಕಾಲು ಭಾಗ ತುಂಬಿಸಿದರೆ ರೋಟವೇಟರ್ ಹೊಡೆಯುವಾಗ ಗಾಡಿ ಕುಣಿಯುವುದಿಲ್ಲ ಎಂಬುದು ಅವರ ವಾದ. ಅಡಿಕೆಯ ಬೇರು ಮೇಲುಮಣ್ಣಿನಲ್ಲೇ ಹರಡಿರುತ್ತದೆ, ಭಾರ ಹೆಚ್ಚಿದಷ್ಟೂ ಮಣ್ಣು ಬಿಗಿಯುತ್ತದೆ ಎಂಬುದು ನನ್ನದು. ನಾನೇ ಗೆದ್ದೆ ಎಂದುಕೊಂಡಿದ್ದೇನೆ. ಗಾಳಿ ತೋಟಕ್ಕೆ 16 ಪಿಎಸ್‌ಐ, ಟ್ರೈಲರಿಗೆ ಲೋಡು ಹಾಕಿದ ದಿನ 20ರ ಮೇಲೆ ಎಂದು ಚೀಟಿಯಲ್ಲಿ ಬರೆದುಕೊಟ್ಟರು. ಆ ಚೀಟಿ ಈಗಲೂ ಟೂಲ್ ಬಾಕ್ಸಿನಲ್ಲಿದೆ.

ಕೊರತೆಗಳೂ ಇವೆ. ಕೂರಲು ಒಂದು ಹಳೆಯ ಲಾರಿ ಟೈರು ಬಿಟ್ಟರೆ ಬೇರೇನಿಲ್ಲ. ಬೆಳಿಗ್ಗೆ ಹತ್ತಕ್ಕೆ ಹೋದವನು ಹೊರಟಾಗ ಮೂರು ದಾಟಿತ್ತು. ಶುಕ್ರವಾರವಾದ್ದರಿಂದ ನಡುವೆ ಒಂದೂವರೆ ಗಂಟೆ ಅಂಗಡಿ ಮುಚ್ಚಿತ್ತು. ಎರಡೇ ಕಂಪನಿಗಳ ಸರಕು ಇಡುತ್ತಾರೆ. ಮುಂದಿನ 6.00-14 ತರಿಸಿಕೊಡಲು ಐದು ದಿನ ತೆಗೆದುಕೊಂಡರು. ಬಿಲ್ಲನ್ನು ಕೇಳಿಯೇ ಪಡೆಯಬೇಕಾಯಿತು. ಕೇಳಿ ಪಡೆಯಿರಿ, ಏಕೆಂದರೆ 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಟೈರು, ಟ್ಯೂಬುಗಳ ಜಿಎಸ್‌ಟಿ ಶೇ 18ರಿಂದ ಶೇ 5ಕ್ಕೆ ಇಳಿದಿದೆ. ನನ್ನ ಬಿಲ್ಲಿನಲ್ಲಿ 5 ಎಂದೇ ಇತ್ತು. ಚೌಕಾಸಿಗೆ ಸಾಹೇಬರು ಜಗ್ಗುವವರಲ್ಲ. ಪೇಟೆಯ ಅಂಗಡಿಗಿಂತ ಜೊತೆಗೆ ಆರುನೂರು ರೂಪಾಯಿ ಹೆಚ್ಚೇ ಕೊಟ್ಟೆ, ಮನಸ್ಸಿಗೆ ಬೇಸರವಿಲ್ಲ.

ಈಗ ಲಿವರ್ ಒಂದು ಬೆರಳಿಗೆ ಬರುತ್ತದೆ, ಕೇಜ್ ವೀಲ್ ಕೆಸರು ಕಲಸುತ್ತದೆ. 9.5ರ ಜೊತೆಯನ್ನು ಸಾಹೇಬರು ಅರ್ಧ ಬೆಲೆಗೂ ಮುಟ್ಟಲಿಲ್ಲ. ಕೊಟ್ಟಿಗೆಯ ಗೋಡೆಗೆ ಒರಗಿಸಿಟ್ಟಿದ್ದೇನೆ, ಒಂದರೊಳಗೆ ಕೋಳಿ ಕಾವಿಗೆ ಕೂತಿದೆ. ಯಾರಿಗಾದರೂ ಬೇಕಿದ್ದರೆ ಕೊಡುತ್ತೇನೆ, ಆದರೆ ಬರುವ ಮುಂಚೆ ನಿಮ್ಮ ರಿಮ್ ಒರೆಸಿ ಓದಿಕೊಂಡು ಬನ್ನಿ. ಕೋಳಿ ಏಳುವವರೆಗೂ ಕಾಯಬೇಕಾದೀತು.