ಹಿಂದಿನ ಸೀಟು ನಾಲ್ಕು ಬೆರಳು ಚಿಕ್ಕದು: ಹಳೇ ಇಟಿಯೋಸ್, ಹೊಸ ಎತ್ತರದ ಗಾಡಿ, ಎರಡನ್ನೂ ಓಡಿಸ್ತಿರೋನ ಅನುಭವ

ಇಂಜಿನ್, ಮೈಲೇಜ್, ಟಚ್ ಸ್ಕ್ರೀನ್ ಬಗ್ಗೆ ನಾನೇನೂ ಬರೀತಿಲ್ಲ, ಅದೆಲ್ಲ ನೀವು ಆಗ್ಲೇ ನೋಡಿರ್ತೀರ. ನಾನು ಹೇಳೋಕೆ ಹೊರಟಿರೋದು ಹಿಂದಿನ ಸೀಟಿನ ವಿಷ್ಯ, ಅದ್ರಲ್ಲೂ ತೊಡೆ ಕೆಳಗೆ ಸಿಗಬೇಕಾಗಿದ್ದ ನಾಲ್ಕು ಬೆರಳು ಜಾಗದ ವಿಷ್ಯ.

ನಮ್ಮದು ದಾವಣಗೆರೆ, ಮಂಡಿಪೇಟೆಲಿ ಅಂಗಡಿ, ಮನೆ ವಿದ್ಯಾನಗರ. 2013ರಲ್ಲಿ ಟೊಯೋಟಾ ಕಂಪನಿಯ ಡೀಸೆಲ್ ಇಟಿಯೋಸ್ ತಗೊಂಡ್ವಿ, ಹಿಂದೆ ಬೇರೆಯಾಗಿ ಡಿಕ್ಕಿ ಇರೋ ತಗ್ಗು ಕಾರು, ಅಂದ್ರೆ ಸೆಡಾನ್. ನಮ್ಮ ಬಿಡದಿಲೇ ತಯಾರಾಗ್ತಿದ್ದ ಗಾಡಿ, 2010ರ ಕೊನೆಗೆ ಬಂತು, 2020ಕ್ಕೆ ನಿಂತೇ ಹೋಯ್ತು. ಎರಡು ವರ್ಷದ ಹಿಂದೆ ಉದ್ದ ನಾಲ್ಕು ಮೀಟರ್ ಒಳಗಿನ ಒಂದು ಎಸ್‌ಯುವಿ, ಅಂದ್ರೆ ಎತ್ತರದ ಗಾಡಿ ತಗೊಂಡೆ, ಅದರ ಕಂಪನಿ ಹೆಸರು ಬೇಡ. ಇಟಿಯೋಸ್ ಹರಿಹರದಲ್ಲಿರೋ ತಮ್ಮನ ಹತ್ರ ಇದೆ, ಬೇಕಾದಾಗ ಬದಲಾಯಿಸ್ಕೊಳ್ತೀವಿ, ಹಂಗಾಗಿ ಎರಡೂ ಸೀಟಿನ ಪರಿಚಯ ಈಗ್ಲೂ ಇದೆ.

ಹೊಸದು ತಗೊಂಡಿದ್ದೇ ಅವ್ವನ ಸಲುವಾಗಿ. ಅವಳಿಗೆ ಎಪ್ಪತ್ತೆರಡು, ಎರಡೂ ಮೊಣಕಾಲು ನೋವು. ಸೆಡಾನ್ ಅಂದ್ಮೇಲೆ ಸೀಟು ತಗ್ಗಲ್ಲೇ ಇರುತ್ತೆ, ಕೂರೋವಾಗ ಬಗ್ಗಬೇಕು, ಏಳೋವಾಗ ಯಾರಾದ್ರೂ ಕೈ ಕೊಡ್ಬೇಕು. ಶೋರೂಮಲ್ಲಿ ಎತ್ತರದ ಗಾಡಿ ಹಿಂದಿನ ಸೀಟಲ್ಲಿ ನಾನು ಕೂತು ನೋಡಿದೆ, ಮೊಣಕಾಲು ಮುಂದೆ ಒಂದು ಗೇಣು ಜಾಗ, ತಲೆ ಮೇಲೂ ಬೇಕಾದಷ್ಟು ಜಾಗ, ಹಿಂದೆ ಕೂತವ್ರಿಗೂ ಎಸಿ ಗಾಳಿ, ನಮ್ಮನೆಯವ್ಳು ಎಷ್ಟು ವಿಶಾಲ ಇದೆ ನೋಡ್ರಿ ಅಂದ್ಲು, ನಾನೂ ಹೌದು ಅಂದೆ, ಐದೇ ನಿಮಿಷದಲ್ಲಿ ಮುಂಗಡ ಕೊಟ್ಟು ಬಂದ್ವಿ. ಆ ಐದು ನಿಮಿಷದ ಬಗ್ಗೆ ನನಗೆ ಈಗ್ಲೂ ಬೇಜಾರಿದೆ.

ಅಕ್ಕನ ಮನೆ ಬೆಂಗಳೂರಲ್ಲಿ, ತಿಂಗಳಿಗೊಮ್ಮೆ ಹೋಗ್ತೀವಿ, ಹತ್ತಿರ ಹತ್ತಿರ 260 ಕಿಲೋಮೀಟರ್. ಮೊದಲನೇ ಸಲ ಹೊಸ ಗಾಡಿಲಿ ಹೊರಟಾಗ ಹೆಬ್ಬಾಳು ಟೋಲ್ ದಾಟೋವರ್ಗೂ ಅವ್ವ ಕಿಟಕಿಯಿಂದ ಎಲ್ಲ ಚೆನ್ನಾಗಿ ಕಾಣ್ತೈತೆ ಅಂತ ಮಾತಾಡ್ತಾನೇ ಇದ್ಲು, ಚಿತ್ರದುರ್ಗದ ಗುಡ್ಡದ ಮೇಲಿನ ಗಾಳಿಯಂತ್ರ ಕಾಣೋ ಹೊತ್ತಿಗೆ ಸುಮ್ಮನಾದ್ಲು, ಹಿರಿಯೂರಲ್ಲಿ ಟೀಗೆ ನಿಲ್ಸಿದ್ರೆ ಇಳಿದವಳೇ ಬಾಗಿಲು ಹಿಡ್ಕೊಂಡು ಎರಡೂ ತೊಡೆ ಉಜ್ಕೊಳ್ತಾ ನಿಂತ್ಲು. ಇಟಿಯೋಸಲ್ಲಿ ಇದೇ ಅವ್ವ ಹಿರಿಯೂರು ಬಂದದ್ದೂ ಗೊತ್ತಾಗ್ದಂಗೆ ಮಲಗಿರ್ತಿದ್ಲು, ಶಿರಾದಲ್ಲಿ ಎಬ್ಬಿಸ್ಬೇಕಿತ್ತು.

ವಾಪಸ್ ಬರೋವಾಗ ಬಾಮೈದನ ಕೈಗೆ ಸ್ಟೇರಿಂಗ್ ಕೊಟ್ಟು ನಾನೇ ಹಿಂದೆ ಕೂತೆ. ತುಮಕೂರು ದಾಟೋದ್ರೊಳಗೆ ಅರ್ಥ ಆಯ್ತು. ಬೆನ್ನು ಪೂರ್ತಿ ಹಿಂದಕ್ಕೆ ಒರಗಿಸಿ ಕೂತ್ರೆ ಸೀಟು ತೊಡೆಯ ಅರ್ಧಕ್ಕೇ ಮುಗಿದುಹೋಗುತ್ತೆ, ಮುಂದಿನ ಭಾಗ ಗಾಳಿಯಲ್ಲಿ. ಭಾರ ಎಲ್ಲ ಕುಂಡಿ ಮೇಲೆ, ಬಾಲದ ಮೂಳೆ ಮೇಲೆ ಬೀಳುತ್ತೆ, ಕಾಲು ಊರಿಕೊಂಡು ಮೈ ಹಿಡ್ಕೋಬೇಕಾಗುತ್ತೆ, ಗಂಟೆ ಕಳೆಯೋದ್ರೊಳಗೆ ಜೋಮು. ಮನೆಗೆ ಬಂದು ಎರಡೂ ಗಾಡಿ ಪಕ್ಕಪಕ್ಕ ನಿಲ್ಸಿ ಅಳೆದೆ, ಟೇಪ್ ಏನಿಲ್ಲ, ಕೈಲೇ. ಹೊಸದು ಸರಿಯಾಗಿ ನಾಲ್ಕು ಬೆರಳು ಕಮ್ಮಿ.

ಶೋರೂಮಲ್ಲಿ ಕಂಡ ಒಂದು ಗೇಣು ಜಾಗ ಎಲ್ಲಿಂದ ಬಂತು ಅಂತ ಆಗ ಗೊತ್ತಾಯ್ತು. 2006ರ ಬಜೆಟ್‌ನಿಂದ ನಾಲ್ಕು ಮೀಟರ್ ಒಳಗಿನ, ಸಣ್ಣ ಇಂಜಿನ್ ಗಾಡಿಗೆ ತೆರಿಗೆ ಕಮ್ಮಿ, ಅದಕ್ಕೇ ಇಷ್ಟೊಂದು ಗಾಡಿ ಆ ಅಳತೆಗೇ ಬರ್ತವೆ. ಇಟಿಯೋಸ್ ಉದ್ದ 4265 ಮಿಲಿಮೀಟರ್, ಅಂದ್ರೆ ಈ ಲೆಕ್ಕಕ್ಕಿಂತ ಒಂದು ಗೇಣು ಮೇಲೇ. ಇರೋ ಉದ್ದದಲ್ಲೇ ಇಂಜಿನ್, ಮುಂದಿನ ಸೀಟು, ಹಿಂದಿನ ಸೀಟು, ಡಿಕ್ಕಿ ಎಲ್ಲ ಕೂರಬೇಕು, ಹಿಂದಿನ ಸೀಟಿನ ಕುಶನ್ ನಾಲ್ಕು ಬೆರಳು ಮೊಟಕು ಮಾಡಿದ್ರೆ ಕಾಲಿನ ಹತ್ರ ಅಷ್ಟೇ ಜಾಗ ಜಾಸ್ತಿ ಕಾಣುತ್ತೆ. ಕೂತು ನೋಡೋರಿಗೆ ಕಾಣೋದು ಮೊಣಕಾಲಿನ ಮುಂದಿನ ಜಾಗ, ತೊಡೆ ಕೆಳಗಿಂದು ಹಿರಿಯೂರು ಬರೋವರ್ಗೂ ಗೊತ್ತಾಗಲ್ಲ.

ನೀವು ಯಾವ ಗಾಡಿ ನೋಡೋಕೆ ಹೋದ್ರೂ ಇದೊಂದು ಮಾಡಿ. ಬೆನ್ನು ಪೂರ್ತಿ ತಾಗಿಸಿ ಕೂತು, ಮೊಣಕಾಲಿನ ಹಿಂದಿನ ಮಡಿಕೆಗೂ ಸೀಟಿನ ಅಂಚಿಗೂ ನಡುವೆ ಬೆರಳಿಟ್ಟು ನೋಡಿ. ಎರಡು ಮೂರು ಬೆರಳು ಹಿಡಿದ್ರೆ ಸರಿ, ಅಂಗೈ ಪೂರ್ತಿ ಹೋದ್ರೆ ದೂರದ ದಾರಿಗೆ ಕಷ್ಟ. ಮನೆಯ ಹಿರಿಯರನ್ನೂ ಕರ್ಕೊಂಡು ಹೋಗಿ, ಟೆಸ್ಟ್ ಡ್ರೈವಲ್ಲಿ ಅವ್ರನ್ನ ಹಿಂದೆ ಕೂರಿಸಿ ಅರ್ಧ ಗಂಟೆಯಾದ್ರೂ ಓಡಿಸಿ.

ನಡುವೆ ಕೂರೋರ ಕಥೆ ಇನ್ನೂ ಬೇರೆ. ಇಟಿಯೋಸಲ್ಲಿ ಹಿಂದೆ ನೆಲ ಹತ್ತಿರ ಹತ್ತಿರ ಸಪಾಟು, ಮಗಳು ನಡುವೆ ಆರಾಮಾಗಿ ಕಾಲು ಇಟ್ಕೊಂಡು ಕೂರ್ತಿದ್ಲು. ಹೊಸದ್ರಲ್ಲಿ ನಡುವೆ ಉಬ್ಬು, ಅದ್ರ ಮುಂದೆ ಎಸಿ ಗಾಳಿಯ ಡಬ್ಬ ಚಾಚ್ಕೊಂಡಿದೆ, ಅವಳ ಎರಡು ಕಾಲು ಅಕ್ಕಪಕ್ಕದವ್ರ ಕಾಲಿನ ಜಾಗಕ್ಕೆ ಹೋಗುತ್ತೆ. ಡಿಕ್ಕಿನೂ ಅಷ್ಟೇ. ಇಟಿಯೋಸ್ ಡಿಕ್ಕಿ 595 ಲೀಟರ್, ಅಕ್ಕನಿಗೆ ಅಂತ ಮಂಡಕ್ಕಿ ಭಟ್ಟಿಯಿಂದ ತಗೊಂಡ ಚೀಲ ಅಡ್ಡಡ್ಡ ಮಲಗಿಸಿ ಮೇಲೆ ಎರಡು ಸೂಟ್‌ಕೇಸ್ ಇಟ್ರೂ ಮುಚ್ಚೋದು. ಈಗ ಆ ಚೀಲ ಸೀಟಿನ ಮೇಲೆ ನಮ್ಮ ಜೊತೆ ಬರುತ್ತೆ.

ಇಷ್ಟು ಸಿಟ್ಟಲ್ಲಿ ಆರು ತಿಂಗಳು ಕಳೆದೆ, ಮಾರಿಬಿಡೋಣ ಅಂತಾನೂ ಮಾತಾಯ್ತು. ಆಮೇಲೆ ಒಂದಿನ ಅವ್ವನ್ನ ದೇವಸ್ಥಾನಕ್ಕೆ ಕರ್ಕೊಂಡು ಹೋಗೋಕೆ ಗಾಡಿ ತೆಗೆದು, ಗೇಟ್ ಹಾಕಿ ಬರೋದ್ರೊಳಗೆ ಅವಳು ಒಳಗೆ ಕೂತಿದ್ಲು. ಯಾರೂ ಕೈ ಕೊಟ್ಟಿರ್ಲಿಲ್ಲ. ಮಾರನೇ ದಿನ ಗಮನ ಇಟ್ಟು ನೋಡಿದೆ. ಬಾಗಿಲು ತೆಗೆದು ಗಾಡಿಗೆ ಬೆನ್ನು ಹಾಕಿ ನಿಂತ್ಕೊಳ್ತಾಳೆ, ಸೀಟು ಸರಿಯಾಗಿ ಅವಳ ಸೊಂಟದ ಮಟ್ಟಕ್ಕೇ ಇದೆ, ಕುರ್ಚಿಲಿ ಕೂತಂಗೆ ಕೂತು ಸೆರಗು ಮಡಿಲಿಗೆ ಎಳ್ಕೊಂಡು ಎರಡೂ ಕಾಲು ಒಟ್ಟಿಗೆ ಒಳಗೆ ತಿರುಗಿಸ್ತಾಳೆ, ಆಮೇಲೆ ಬಾಗಿಲು ತಾನೇ ಎಳ್ಕೊಳ್ತಾಳೆ. ಮೂರು ವರ್ಷದಿಂದ ಅವಳು ಹಿಂಗೆ ತಾನಾಗೇ ಗಾಡಿ ಹತ್ತಿದ್ದು ನಾನು ನೋಡೇ ಇರ್ಲಿಲ್ಲ. ನನ್ನ ಕಣ್ಣು ತುಂಬಿ ಬಂತು.

ಸೀಟಿಗೂ ಅವ್ವನೇ ದಾರಿ ಹುಡುಕಿದ್ಲು. ಹಳೇ ಕೌದಿ ಒಂದನ್ನ ಉದ್ದಕ್ಕೆ ಮಡಚಿ ಸೀಟಿನ ಮುಂದಿನ ಅಂಚಿಗೆ ದಿಂಡಿನ ಥರ ಇಟ್ಕೊಳ್ತಾಳೆ, ತೊಡೆ ಕೆಳಗೆ ಆಸರೆ ಸಿಗುತ್ತೆ. ಪೂರ್ತಿ ಇಟಿಯೋಸ್ ಆಗಲ್ಲ, ಆದ್ರೆ ಹಿರಿಯೂರಲ್ಲಿ ತೊಡೆ ಉಜ್ಕೊಳ್ಳೋದು ನಿಂತಿದೆ. ಕುಶನ್ ಅಂಗಡಿಯವ್ರು ಅಂಚಿಗೆ ಗಟ್ಟಿ ಫೋಮ್ ಹಾಕಿ ಕವರ್ ಹೊಲೀತೀವಿ ಅಂದಿದಾರೆ. ಮಾಡ್ಸೋರು ಹಿಂದೆ ಸೀಟ್ ಬೆಲ್ಟ್ ಬಕಲ್ ಮುಚ್ಚಿಹೋಗ್ದಂಗೆ ನೋಡ್ಕೊಳ್ಳಿ, ಮುಂದಿನ ಸೀಟಲ್ಲಿ ಸೈಡ್ ಏರ್‌ಬ್ಯಾಗ್ ಇದ್ರೆ ಅಲ್ಲಿಗೆ ಸುಮ್ನೆ ಸಿಕ್ಕ ಕವರ್ ಹಾಕಿಸ್ಬೇಡಿ, ಬ್ಯಾಗ್ ಬಿಚ್ಕೊಳ್ಳೋಕೆ ಅಡ್ಡ ಆಗುತ್ತೆ.

ಹೋದ ತಿಂಗಳು ಬೆಂಗಳೂರಿಗೆ ಹೊರಡೋ ಮುಂಚೆ ತಮ್ಮನಿಂದ ಇಟಿಯೋಸ್ ತರಿಸ್ತೀನಿ ಅಂದೆ. ಅವ್ವ ಕೌದಿ ಮಡಚ್ತಾ ಇದ್ಲು. "ಬ್ಯಾಡಪ್ಪ, ಅದ್ರಾಗೆ ಹತ್ತಾಕೆ ಇಳಿಯಾಕೆ ನೀನು ಕೈ ಹಿಡೀಬೇಕು. ಇದ್ರಾಗೆ ನಾನೇ ಹತ್ತಿ ಕೂರ್ತೀನಿ, ನಡಿ" ಅಂದ್ಲು.